ಅಪ್ಪನ ಕಿವಿ ತೆರೆಯುವ ವಾರ

ನಮ್ಮ ಮನೆಯಲ್ಲಿ ಎಲ್ಲರೂ ಒದರಿಯೇ ಮಾತಾಡುತ್ತಿದ್ದೆವು. ಉಪ್ಪು ಬೇಕಾದರೂ ಒದರಬೇಕು, ಹಾಲು ಉಕ್ಕಿದರೂ ಒದರಬೇಕು, ಬಾಗಿಲಿಗೆ ಯಾರಾದರೂ ಬಂದರೆ ಆ ಸುದ್ದಿ ಬಂದವರಿಗೂ ಅವರ ಹಿಂದಿನ ಓಣಿಗೂ ಮುಟ್ಟುವ ಹಾಗೆ ಹೇಳಬೇಕು. ದಾಂಡೇಲಿಯ ಗಿರಣಿ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಕಬ್ಬಿಣದ ಕಾಟು, ಹಿಂದಿನದು ಅಡಿಗೆಮನೆ, ಅದಕ್ಕೆ ಅಂಟಿಕೊಂಡಂತೆ ಬಚ್ಚಲು. ಅಷ್ಟು ಸಣ್ಣ ಮನೆಯಲ್ಲಿ ಪಿಸುಮಾತಾಡಿದರೂ ಎಲ್ಲರಿಗೂ ಕೇಳಿಸುತ್ತಿತ್ತು, ಅಪ್ಪನೊಬ್ಬನನ್ನು ಬಿಟ್ಟು. ನಮ್ಮ ಸಾಲಿನ ಬೇರೆ ಮನೆಗಳಲ್ಲಿ ಅಪ್ಪಂದಿರು ರಾತ್ರಿಪಾಳಿ ಮುಗಿಸಿ ಬಂದು ಮಲಗಿದರೆ ಮಕ್ಕಳು ತುದಿಗಾಲಲ್ಲಿ ಓಡಾಡುತ್ತಿದ್ದರು. ಒಂದು ತಟ್ಟೆ ಕೈಜಾರಿ ಬಿದ್ದರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ನಾನು ಮತ್ತು ನನ್ನ ತಮ್ಮ ಬಸು ಅಪ್ಪ ಮಲಗಿದ ಕಾಟಿನ ಬುಡದಲ್ಲೇ ಬುಗುರಿ ಆಡುತ್ತಿದ್ದೆವು. ಉಳಿದ ಹುಡುಗರಿಗೆಲ್ಲ ನಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ನಮ್ಮಪ್ಪನಷ್ಟು ಶಾಂತ ಮನುಷ್ಯ ಇಡೀ ದಾಂಡೇಲಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನೂ ಬಹಳ ದಿನ ಜಂಬ ಪಟ್ಟಿದ್ದೆ. ಅವನಿಗೆ ಕಿವಿ ಕೇಳಿಸುವುದಿಲ್ಲ ಎಂದು ಯಾರೂ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಲಿಲ್ಲ. ಬಾವಿ ಎಲ್ಲಿದೆ, ಅಂಗಡಿ ಎಲ್ಲಿದೆ ಎಂದು ತಿಳಿದ ಹಾಗೆ ಅದೂ ತಾನಾಗಿ ತಿಳಿಯಿತು.

ಅಪ್ಪ ಕಾಗದದ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದ. ಆ ಮಷಿನ್ ಒಂದು ರೈಲುಗಾಡಿಯಷ್ಟು ಉದ್ದ. ಒಂದು ತುದಿಯಿಂದ ಗಂಜಿಯಂಥ ನೀರು ಒಳಗೆ ಹೋಗಿ ಇನ್ನೊಂದು ತುದಿಯಲ್ಲಿ ಕಾಗದವಾಗಿ ಸುತ್ತಿಕೊಳ್ಳುತ್ತದೆ. ಅದರ ಸಪ್ಪಳದಲ್ಲಿ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳದು. ಕಿವಿಯಲ್ಲಿ ತುರುಕಿಕೊಳ್ಳಲು ರಬ್ಬರಿನ ಬಿರಡೆ ಕೊಟ್ಟಿದ್ದರು, ಹಾಕಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿಯೂ ಇದ್ದರು. ಅಪ್ಪ ಹಾಕುತ್ತಿರಲಿಲ್ಲ. ಅವನ ವಾರಿಗೆಯ ಯಾರೂ ಹಾಕುತ್ತಿರಲಿಲ್ಲ. ಕಾಗದ ನಡುವೆ ಹರಿದು ತುಂಡಾಗುವ ತುಸು ಮೊದಲು ಮಷಿನ್ನಿನ ದನಿ ಬದಲಾಗುತ್ತದಂತೆ. ಅದನ್ನು ಕೇಳಿ ಮೊದಲೇ ಓಡಿದವನು ಕೆಲಸಗಾರ, ಹರಿದ ಮೇಲೆ ಓಡಿದವನು ದಂಡಪಿಂಡ ಎಂಬುದು ಅವರ ಲೆಕ್ಕ. ಬಿರಡೆ ಹಾಕಿಕೊಂಡವನಿಗೆ ಆ ಸೂಕ್ಷ್ಮ ಕೇಳುವುದಿಲ್ಲ. ಹೀಗಾಗಿ ಮಷಿನ್ನಿನ ದನಿಗಾಗಿ ಬಿಚ್ಚಿಟ್ಟ ಕಿವಿಯನ್ನು ಅದೇ ಮಷಿನ್ ತಿಂದುಹಾಕಿತು. ಅವ್ವ ಧಾರವಾಡದ ಹತ್ತಿರದ ಹಳ್ಳಿಯವಳು, ಬಾಯಿ ಸ್ವಲ್ಪ ಜೋರು. ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದಳು:

“ಆ ಮಷಿನ್ ನನ್ನ ಸವತಿ ಅದಾಳ ನೋಡ್ರಿ. ಆಕಿ ಒಂದ ಸಲ ಕೆಮ್ಮಿದ್ರೂ ಇವರಿಗೆ ಗೊತ್ತಾಕ್ಕೈತಿ. ನಾ ಸತ್ತೇನಿ ಅಂತ ಒದರಿದ್ರೂ ಏನು, ಚಾ ಆತೇನು ಅಂತಾರ.”

ಹೆಂಗಸರು ನಗುತ್ತಿದ್ದರು, ಅವ್ವನೂ ನಗುತ್ತಿದ್ದಳು. ಆದರೆ ಆ ಮಾತು ಓಣಿ ದಾಟದಂತೆ ಅವರಿಂದ ಭಾಷೆ ತೆಗೆದುಕೊಳ್ಳುತ್ತಿದ್ದಳು. ಕಿವಿ ಹೋಗಿದೆ ಎಂದು ಮೇಲಿನವರಿಗೆ ಗೊತ್ತಾದರೆ ತನ್ನನ್ನು ಮಷಿನ್ನಿನಿಂದ ಇಳಿಸಿ ಗೋದಾಮಿಗೆ ಹಾಕುತ್ತಾರೆ ಎಂದು ಅಪ್ಪ ಅಂಜುತ್ತಿದ್ದ. ಗೋದಾಮಿನಲ್ಲೂ ಅದೇ ಪಗಾರ ಸಿಗುತ್ತಿತ್ತು. ಆದರೂ ಆ ಮಷಿನ್ ಬಿಟ್ಟು ಇನ್ನೊಂದು ಕಡೆ ನಿಲ್ಲುವುದನ್ನು ಅವನು ಊಹಿಸಲಾರದವನಾಗಿದ್ದ.

ಮಷಿನ್ ಮೇಲಿನವರು ಕೈಯಿಂದಲೇ ಮಾತಾಡಿಕೊಳ್ಳುತ್ತಿದ್ದರು. ಬಟ್ಟಲು ಹಿಡಿದಂತೆ ಕೈ ಬಾಯಿಗೆ ಒಯ್ದರೆ ಚಹಾ, ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಕಾಗದ ಹರಿಯಿತು, ಅಂಗೈಯನ್ನು ತಲೆಯ ಮೇಲೆ ತಟ್ಟಿದರೆ ಸಾಹೇಬರು ಬಂದರು. ಆ ಕೈಮಾತು ಅಪ್ಪನ ಬೆನ್ನು ಹತ್ತಿ ಮನೆಗೂ ಬಂತು. ಊಟಕ್ಕೆ ಕೂತಾಗ ನಮ್ಮ ಮನೆ ಮೂಕರ ಮನೆಯ ಹಾಗಿರುತ್ತಿತ್ತು. ಬೆರಳು ಮೂಸಿದರೆ ಚಟ್ನಿಹಿಂಡಿ, ಅಂಗೈ ಮಗುಚಿದರೆ ರೊಟ್ಟಿ, ಕಿರುಬೆರಳು ತೋರಿಸಿದರೆ ಮಜ್ಜಿಗೆ. ಬಸು ಅಪ್ಪಾ ಎಂದು ಬಾಯಲ್ಲಿ ಕರೆಯುವ ಮೊದಲೇ ಕೈಯಲ್ಲಿ ಚಹಾ ಕೇಳಿದ್ದ ಎಂದು ಅವ್ವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಕೈಗೆ ಸಿಗದ ದೊಡ್ಡ ಮಾತು ಬಂದಾಗ ಮಾತ್ರ ಒದರಾಟ. ಜ್ವರ ಬಂದಿದೆ, ಊರಿಂದ ಸುದ್ದಿ ಬಂದಿದೆ, ಮಗಳು ದೊಡ್ಡವಳಾಗುತ್ತಿದ್ದಾಳೆ, ಇವನ್ನೆಲ್ಲ ಅವ್ವ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದಳು, ಓಣಿ ಪೂರ್ತಿ ಕೇಳಿಸಿಕೊಳ್ಳುತ್ತಿತ್ತು.

ಈ ಅಭ್ಯಾಸ ಹೊತ್ತುಕೊಂಡು ನಾನು ಶಾಲೆಗೆ ಹೋದರೆ ಅಲ್ಲಿ ಬೇರೆಯೇ ಫಜೀತಿ. ನಾಯ್ಕ ಮಾಸ್ತರು ಹೆಸರು ಕೂಗಿದರೆ ನಾನು ಕಿಟಕಿ ನಡುಗುವಂತೆ ಹಾಜರಿ ಹೇಳುತ್ತಿದ್ದೆ.

“ಏ ನೀಲಾ, ನಾ ಏನ್ ಕಾಳೀ ನದಿ ಆಚೀಕ ನಿಂತೇನೇನು? ಸಣ್ಣಗ ಹೇಳವಾ ತಾಯಿ, ನನಗ ಇನ್ನೂ ಕಿವಿ ಬೇಕಾಗ್ಯಾವ,” ಎನ್ನುತ್ತಿದ್ದರು.

ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಸಣ್ಣಗೆ ಮಾತಾಡುವುದು ಹೇಗೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದನ್ನು ನಾನು ಕಲಿತದ್ದು ವರ್ಷಕ್ಕೊಮ್ಮೆ ಬರುತ್ತಿದ್ದ ಶಟ್‌ಡೌನ್ ವಾರದಲ್ಲಿ.

ಥಂಡಿ ದಿನಗಳಲ್ಲಿ ಒಮ್ಮೆ ರಿಪೇರಿಗಾಗಿ ಗಿರಣಿಯನ್ನು ನಿಲ್ಲಿಸುತ್ತಿದ್ದರು. ಫಿಟರ್‌ಗಳಿಗೆ ಆಗ ಮೈತುಂಬ ಕೆಲಸ, ಮಷಿನ್ ಓಡಿಸುವವರಿಗೆ ಕಡ್ಡಾಯ ರಜೆ. ಶಾಲೆಯ ದಸರಾ ರಜೆ ಅಷ್ಟರಲ್ಲಿ ಮುಗಿದುಹೋಗಿರುತ್ತಿತ್ತು. ಬೇಸಿಗೆ ರಜೆ ಇನ್ನೂ ಎಲ್ಲಿಯೋ. ಅಪ್ಪಂದಿರಿಗೆ ಬಿಡುವಿದ್ದಾಗ ಮಕ್ಕಳಿಗಿಲ್ಲ, ಮಕ್ಕಳಿಗಿದ್ದಾಗ ಅಪ್ಪಂದಿರಿಗಿಲ್ಲ. ಹೀಗಾಗಿ ಶಟ್‌ಡೌನ್ ಬಂತೆಂದರೆ ಕ್ವಾರ್ಟರ್ಸಿನ ಮಕ್ಕಳು ಶಾಲೆಯಿಂದ ಮಾಯವಾಗುತ್ತಿದ್ದರು. ಒಬ್ಬರು ಬೆಳಗಾವಿಯ ಅತ್ತೆಯ ಮನೆಗೆ, ಒಬ್ಬರು ಗೋಕಾಕಕ್ಕೆ, ಒಬ್ಬರು ಕಾರವಾರದ ಸಮುದ್ರಕ್ಕೆ. ಉಳಿದವರಿಗೆ ಅದು ಮೋಜು. ನಮಗೆ ಹಾಗಿರಲಿಲ್ಲ. ಮಷಿನ್ನಿನಿಂದ ಎರಡು ಮೂರು ದಿನ ದೂರ ಇದ್ದರೆ ಅಪ್ಪನ ಕಿವಿ ತೆರೆಯುತ್ತಿತ್ತು. ಪೂರ್ತಿಯಲ್ಲ; ಆದರೆ ಎದುರಿಗೆ ಕೂತು ಮೆಲ್ಲಗೆ ಆಡಿದ ಮಾತು ಕೇಳುವಷ್ಟು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಅವ್ವ ಇದನ್ನು ಮೊದಲ ಸಲ ಕಂಡುಕೊಂಡದ್ದಂತೆ. ಶಟ್‌ಡೌನಿನಲ್ಲಿ ತವರಿಗೆ ಹೋಗಿದ್ದಾಗ ಒಂದು ಮುಂಜಾನೆ ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು, ಕೂಸು ಯಾಕೆ ಅಳುತ್ತಿದೆ ಎಂದು ಕೇಳಿದನಂತೆ. ಅವ್ವನ ಒಗ್ಗರಣೆ ಹೊತ್ತಿಹೋಯಿತಂತೆ.

ಊರಲ್ಲೇ ಇದ್ದರೆ ಪ್ರಯೋಜನವಿರಲಿಲ್ಲ. ರಿಪೇರಿಯ ಸುತ್ತಿಗೆ ಸಪ್ಪಳ ಮನೆಯವರೆಗೂ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತನ್ನ ಮಷಿನ್ನಿನ ಹೊಟ್ಟೆ ಬಿಚ್ಚಿದ್ದಾರೆಂದು ತಿಳಿದರೆ ಅಪ್ಪ ಮನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ, ನೋಡಿ ಬರುತ್ತೇನೆಂದು ಎದ್ದೇಬಿಡುತ್ತಿದ್ದ. ಆದ್ದರಿಂದ ಅವ್ವ ಎಲ್ಲರನ್ನೂ ಕಟ್ಟಿಕೊಂಡು ಹೊರಡುತ್ತಿದ್ದಳು. ಮಕ್ಕಳ ಶಾಲೆ ತಪ್ಪುತ್ತದೆ ಎಂದರೆ ಅವಳ ಉತ್ತರ ಒಂದೇ:

“ಸಾಲಿ ವರ್ಷಪೂರ್ತಿ ಇರತೈತಿ. ಅಪ್ಪನ ಕಿವಿ ವರ್ಷಪೂರ್ತಿ ಇರತಾವೇನು?”

ಇದನ್ನು ಮಾಸ್ತರರ ಮುಂದೆ ಹೇಳುವಂತಿರಲಿಲ್ಲ. ಅವರ ಅಳಿಯ ಗಿರಣಿಯ ಆಫೀಸಿನಲ್ಲಿದ್ದ. ಅವ್ವ ಉಳವಿಯ ಹರಕೆ ಎಂದು ಹೇಳಿಬಿಟ್ಟಳು. ಉಳವಿ ಚೆನ್ನಬಸವಣ್ಣನ ಹೆಸರು ಹೇಳಿದ ಮೇಲೆ ನಾಯ್ಕ ಮಾಸ್ತರರಾಗಲಿ ಮತ್ಯಾರಾಗಲಿ ಇಲ್ಲವೆನ್ನುವುದು ಹೇಗೆ? ಆದರೆ ದೇವರ ಹೆಸರಲ್ಲಿ ಸುಳ್ಳು ಹೇಳಿದ ಪಾಪ ಅವ್ವನನ್ನು ಕೊರೆಯುತ್ತಿತ್ತು. ಅದಕ್ಕೇ ಎಲ್ಲಿಗೇ ಹೋಗುವುದಿರಲಿ, ಮೊದಲು ಉಳವಿಗೆ ಹೋಗಿ ಸುಳ್ಳನ್ನು ನಿಜ ಮಾಡಿಯೇ ಮುಂದಿನ ಮಾತು. ಹೋದ ಮೇಲೆ ನಿಜವಾಗಿಯೂ ಹರಕೆ ಹೊರುತ್ತಿದ್ದಳು, ಇವರ ಕಿವಿ ಇನ್ನೊಂದು ವರ್ಷ ಉಳಿಸಪ್ಪಾ ಎಂದು. ಮಾಸ್ತರು ರಜೆ ಕೊಡುತ್ತಾ ಕೊಂಕು ಮಾತ್ರ ಬಿಡುತ್ತಿರಲಿಲ್ಲ.

“ವರ್ಷಾ ವರ್ಷಾ ಹರಕಿ ಅಂದ್ರ ಏನ್ ಸಾಲಾ ತೀರಸಾಕತ್ತೀರೇನ್ರಿ ದೇವರದು? ಹೋಗಿ ಬರ್ರಿ. ನನಗೂ ಒಂದೀಟ ಪ್ರಸಾದ ತರ್ರಿ.”

ಜೋಯಿಡಾ ಕಡೆಯ ಕಾಡಿನಲ್ಲಿ ಬಸ್ಸು ಹೊರಳಾಡುತ್ತಾ ಉಳವಿ ಮುಟ್ಟುವಷ್ಟರಲ್ಲಿ ಬಸು ಎಲ್ಲರ ಮೇಲೂ ವಾಂತಿ ಮಾಡಿಕೊಂಡಿರುತ್ತಿದ್ದ. ಅಲ್ಲಿ ಯಾತ್ರಿಕರಿಗೆಂದು ಕಟ್ಟಿದ ಕೋಣೆಗಳಲ್ಲಿ ಒಂದನ್ನು ಹಿಡಿದು, ಚಾಪೆ ಹಾಸಿ, ಸ್ಟೋ ಹೊತ್ತಿಸಿದರೆ ಅದೇ ನಮ್ಮ ಮನೆ. ಹೊರಗೆ ಕಾಡು, ದೂರದಲ್ಲಿ ಗುಡಿಯ ಗಂಟೆ, ಮತ್ತೇನೂ ಇಲ್ಲ. ಅವ್ವ ಮೊದಲ ದಿನವೇ ಕಟ್ಟಪ್ಪಣೆ ಮಾಡುತ್ತಿದ್ದಳು:

“ಕೈಮಾತು ಬಂದ್. ಏನ್ ಬೇಕು ಬಾಯಿಲೆ ಕೇಳ್ರಿ. ಒದರಬ್ಯಾಡ್ರಿ, ಸಣ್ಣಗ ಕೇಳ್ರಿ.”

ಮೊದಲ ಒಂದೆರಡು ದಿನ ನಾವು ಸಣ್ಣಗೆ ಕೇಳುತ್ತಿದ್ದೆವು, ಅಪ್ಪನಿಗೆ ಕೇಳುತ್ತಿರಲಿಲ್ಲ, ಮಜ್ಜಿಗೆ ಸಿಗುತ್ತಿರಲಿಲ್ಲ. ಆಮೇಲೆ ಒಂದು ಹೊತ್ತಿನಲ್ಲಿ, ಯಾವ ಹೊತ್ತೆಂದು ಹೇಳಲಾಗದ ಹಾಗೆ, ಅಪ್ಪ ತಲೆ ಎತ್ತುತ್ತಿದ್ದ. ಯಾರೋ ಪಕ್ಕದ ಕೋಣೆಯಲ್ಲಿ ತಂಬಿಗೆ ಇಟ್ಟ ಸಪ್ಪಳ, ಬಸುವಿನ ಮೂಗು ಎಳೆಯುವ ಸಪ್ಪಳ. ಅವನ ಮೋರೆ ಅರಳುತ್ತಿತ್ತು.

“ಯಾಕೋ ಬಸ್ಯಾ, ನೆಗಡಿ ಆಗೇತೇನು?” ಎನ್ನುತ್ತಿದ್ದ.

ನೆಗಡಿ ಎಂಬ ಪದಕ್ಕೆ ಯಾವ ಮನೆಯಲ್ಲೂ ಅಷ್ಟು ಸಂಭ್ರಮ ಆಗಿರಲಿಕ್ಕಿಲ್ಲ. ಬಸು ಬೇಕೆಂದೇ ಮತ್ತೆ ಮತ್ತೆ ಮೂಗೆಳೆಯುತ್ತಿದ್ದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸ್ಟೋಕ್ಕೆ ಗಾಳಿ ಹೊಡೆಯುತ್ತಿದ್ದಳು, ಆಗಲೇ ಉರಿಯುತ್ತಿದ್ದ ಸ್ಟೋಕ್ಕೆ.

ಅವ್ವನ ನಿಜವಾದ ದನಿ ನಾನು ಕೇಳಿದ್ದು ಆ ವಾರಗಳಲ್ಲಿ ಮಾತ್ರ. ಸ್ವಲ್ಪ ದಪ್ಪ, ಸ್ವಲ್ಪ ಬಿರುಕು ಬಿಟ್ಟ, ಎಳೆ ಬಿಸಿಲಿನಂಥ ದನಿ. ವರ್ಷವಿಡೀ ಅದು ಒದರಾಟದ ಅಡಿಗೆ ಬಿದ್ದಿರುತ್ತಿತ್ತು. ಊಟ ಆದ ಮೇಲೆ ಅವರಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತು ಜಗಳಾಡುತ್ತಿದ್ದರು. ಹೌದು, ಜಗಳವೇ. ಕ್ವಾರ್ಟರ್ಸಿನಲ್ಲಿ ಜಗಳಾಡಿದರೆ ಓಣಿಗೆಲ್ಲ ಪುಕ್ಕಟೆ ನಾಟಕ, ಅದಕ್ಕೇ ಅವ್ವ ತನ್ನ ಸಿಟ್ಟನ್ನೆಲ್ಲ ಉಪ್ಪಿನಕಾಯಿ ಹಾಕಿದ ಹಾಗೆ ಎತ್ತಿಟ್ಟುಕೊಂಡು ಉಳವಿಗೆ ತರುತ್ತಿದ್ದಳು. ಯುಗಾದಿಗೆ ನಿಮ್ಮ ತಂಗಿ ನನಗೆ ಹಾಗಂದಳು, ಗಣಪತಿ ಹಬ್ಬಕ್ಕೆ ನೀವು ಹೀಗೆ ಮಾಡಿದಿರಿ, ಆಗ ನನ್ನ ಹೊಟ್ಟೆ ಎಷ್ಟು ಉರಿದಿತ್ತು ಗೊತ್ತೇನು. ಅಪ್ಪ ಮೊಣಕಾಲು ತಬ್ಬಿಕೊಂಡು, ಅವಳ ಕಡೆ ವಾಲಿ, ಒಂದೊಂದು ಬೈಗುಳವನ್ನೂ ಕೇಳಿಸಿಕೊಳ್ಳುತ್ತಿದ್ದ.

“ಇನ್ನೂ ಐತೇನು?” ಎಂದು ಕೇಳುತ್ತಿದ್ದ.

“ಐತಿ. ಶ್ರಾವಣದ್ದು ಇನ್ನೂ ಸುರುವಾಗಿಲ್ಲ.”

“ಹೇಳು, ಹೇಳು. ಎಲ್ಲಾ ಹೇಳು.”

ನಾನು ಒಳಗೆ ಬಾಗಿಲಿಗೆ ಒರಗಿ ಕೂತು ಕೇಳುತ್ತಿದ್ದೆ. ನನಗೆ ಅದಕ್ಕಿಂತ ಸುಖ ಬೇರೆ ಗೊತ್ತಿರಲಿಲ್ಲ.

ಉಳವಿಯಿಂದ ವಾಪಸು ಬಂದು, ಹಳಿಯಾಳದಲ್ಲಿ ಬಸ್ಸು ಬದಲಿಸಿ, ಮುಂಡಗೋಡದ ಕಡೆ ಅತ್ತಿವೇರಿಗೆ ಹೋಗುತ್ತಿದ್ದೆವು. ಅಲ್ಲಿ ಜುಜೆ ಕಾಕಾನ ಮನೆ. ಜುಜೆ ಕಾಕಾ ಸಿದ್ದಿ ಜನಾಂಗದವನು. ಮೊದಲು ಗಿರಣಿಯ ಕಟ್ಟಿಗೆ ಅಂಗಳದಲ್ಲಿ ಕೂಲಿ ಮಾಡುತ್ತಿದ್ದಾಗ ಅಪ್ಪನಿಗೆ ದೋಸ್ತನಾಗಿದ್ದ, ಆಮೇಲೆ ಊರಿಗೆ ಮರಳಿ ಬೇಸಾಯ ಹಿಡಿದಿದ್ದ. ಅವನ ಗೋಡೆಯಲ್ಲಿ ಏಸುವಿನ ಪಟ, ಅಂಗಳದಲ್ಲಿ ಕೋಳಿಗಳು, ಮನೆಯಿಂದ ಸ್ವಲ್ಪ ನಡೆದರೆ ಕೆರೆಯಂಥ ದೊಡ್ಡ ಜಲಾಶಯ, ಅದರ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಚಮಚೆಯಂಥ ಕೊಕ್ಕಿನ ದೊಡ್ಡ ಬಿಳಿ ಹಕ್ಕಿಗಳು. ಅವೆಲ್ಲ ಸೇರಿ ಮಾಡುವ ಗದ್ದಲ ಸಂತೆಯನ್ನು ಮೀರಿಸುತ್ತಿತ್ತು. ಅಪ್ಪ ದಂಡೆಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ. ಮಾಸ್ತರರಿಗೆ ಹೆದರಿ ನಾನು ಒಯ್ದಿರುತ್ತಿದ್ದ ಪಾಠದ ಪುಸ್ತಕವನ್ನು ಅಲ್ಲಿ ಅವನಿಗೆ ಓದಿ ಹೇಳುತ್ತಿದ್ದೆ. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದ್ದ ಅಪ್ಪ, ಒಂದು ಪಾಠ ಮುಗಿದರೆ ಇನ್ನೊಂದು ಓದು ಎಂದು ಪೀಡಿಸುತ್ತಿದ್ದ. ಜುಜೆ ಕಾಕಾ ಚೇಷ್ಟೆ ಮಾಡುತ್ತಿದ್ದ:

“ವೈನಿ, ನಿಮ್ಮ ಗಂಡಗ ಒಂದ ಪಾಟಿ ಕೊಡಸ್ರಿ. ನಮ್ಮ ಹುಡುಗರ ಸಂಗಾಟ ಸಾಲಿಗೆ ಹಾಕೂಣು.”

ಈಗ ನಾನು ಹಳಿಯಾಳದ ಹತ್ತಿರ ಒಂದು ಶಾಲೆಯಲ್ಲಿ ಟೀಚರು. ನಡು ವರ್ಷದಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ತಿರುಗಾಟಕ್ಕೆ ಹೋಗುವ ಪಾಲಕರನ್ನು ಕಂಡರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈ ಉರಿಯುತ್ತದೆ. ಮಗುವಿಗೆ ಜ್ವರ ಎಂದು ಮುಂಜಾನೆ ಫೋನು ಮಾಡುತ್ತಾರೆ, ಮಧ್ಯಾಹ್ನ ಅದೇ ಫೋನಿನಲ್ಲಿ ಗೋವೆಯ ಸಮುದ್ರದ ಫೋಟೋ ಹಾಕುತ್ತಾರೆ, ಜ್ವರದ ಮಗು ನೀರಲ್ಲಿ ಕುಣಿಯುತ್ತಿರುತ್ತದೆ. ನೀವು ಭಾಳ ಸಡಿಲ ಬಿಡ್ತೀರಿ ಟೀಚರ್ ಎಂದು ಹೆಡ್‌ಮಿಸ್ಟ್ರೆಸ್ ನನ್ನನ್ನು ಗದರಿದ್ದೂ ಇದೆ. ಶಾಲೆ ತಪ್ಪಿಸಿದರೆ ಏನೂ ನಷ್ಟವಿಲ್ಲ ಎಂದು ನಾನು ಹೇಳಲಾರೆ. ನನಗೆ ಇವತ್ತಿಗೂ ಭಿನ್ನರಾಶಿ ಅಷ್ಟಕ್ಕಷ್ಟೇ, ಅದನ್ನು ಪ್ರತಿವರ್ಷ ಶಟ್‌ಡೌನ್ ವಾರದಲ್ಲೇ ಕಲಿಸುತ್ತಿದ್ದರು ಎಂದು ಕಾಣುತ್ತದೆ. ಆದರೂ ರಜೆ ಕೇಳಿದವರನ್ನು ಯಾಕೆ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಯಾರ ಮನೆಯಲ್ಲಿ ಏನಿದೆಯೋ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ನನ್ನ ಜೊತೆ ಇರುವ ಅವ್ವ ಇವತ್ತಿಗೂ ಒದರಿಯೇ ಮಾತಾಡುತ್ತಾಳೆ. ಕೇಳಲಾರದವರು ಮನೆಯಲ್ಲಿ ಯಾರೂ ಇಲ್ಲ.

ಆ ದಿನಗಳಲ್ಲಿ ವರ್ಷ ಹೋದಂತೆ ಅಪ್ಪನ ಕಿವಿ ತೆರೆಯುವುದು ತಡವಾಗತೊಡಗಿತು. ಮೊದಲು ಉಳವಿಯಲ್ಲೇ ತೆರೆಯುತ್ತಿದ್ದುದು ಆಮೇಲೆ ಹಳಿಯಾಳದ ಬಸ್‌ಸ್ಟ್ಯಾಂಡಿಗೆ ಬಂತು, ಆಮೇಲೆ ಅತ್ತಿವೇರಿಗೆ. ಒಂದು ವರ್ಷವಂತೂ ನಾಳೆ ವಾಪಸು ಎನ್ನುವ ಹೊತ್ತಿಗೆ ತೆರೆಯಿತು, ಅವ್ವನ ಜಗಳಕ್ಕೆ ಯುಗಾದಿ ದಾಟಲೂ ಪುರಸೊತ್ತಾಗಲಿಲ್ಲ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಶಟ್‌ಡೌನ್ ವಾರಕ್ಕೇ ಸರಿಯಾಗಿ ಶಾಲೆಯ ತಪಾಸಣೆ ಬಂತು. ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಪದ್ಯ ಹೇಳಲು ನಾಯ್ಕ ಮಾಸ್ತರು ನನ್ನನ್ನು ಆರಿಸಿದ್ದರು. ಹಿಂದಿನ ಬೆಂಚಿನವರೆಗೂ ಮುಟ್ಟುವ ಗಂಟಲು ಶಾಲೆಯಲ್ಲಿ ನನ್ನದೊಂದೇ ಎಂದು ಅವರೇ ಹೇಳಿದರು. ಇಷ್ಟು ವರ್ಷ ಬೈಸಿಕೊಂಡ ದನಿಗೆ ಬಂದ ಮೊದಲ ಮರ್ಯಾದೆ ಅದು. ನಾನು ನೆಲದ ಮೇಲೆ ನಿಂತಿರಲಿಲ್ಲ. ಅವ್ವ ರಜೆ ಕೇಳಲು ಬಂದಾಗ ಮಾಸ್ತರು ಈ ಸಲ ನಗಲಿಲ್ಲ.

“ಇದೊಂದ ವರ್ಷ ಹುಡುಗೀನ ಬಿಟ್ಟ ಹೋಗ್ರಿ ಬಾಯಾರ. ದೇವರೇನು ಓಡಿ ಹೋಗೂದಿಲ್ಲ.”

“ದೇವರು ಓಡಿ ಹೋಗೂದಿಲ್ರಿ ಸರ್, ಅದು ನನಗೂ ಗೊತ್ತೈತಿ,” ಎಂದಳು ಅವ್ವ. ಸೆರಗು ಸರಿಮಾಡಿಕೊಂಡು ಹೊರಟುಬಿಟ್ಟಳು.

ಮನೆಗೆ ಬಂದು ನಾನು ಅತ್ತೆ. ಅಪ್ಪನಿಗೆ ಅಳು ಕೇಳಿಸಲಿಲ್ಲ, ಕಣ್ಣೀರು ಕಾಣಿಸಿತು. ತಪಾಸಣೆಯ ವಿಷಯ ತಿಳಿದ ಮೇಲೆ, ನೀಲಾ ಇಲ್ಲೇ ಇರಲಿ, ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ, ನಾವು ಮೂವರೇ ಹೋಗಿ ಬರೋಣ ಎಂದ. ಅವ್ವ ಒದರಿದಳು, ಇಡೀ ಓಣಿಗೆ ಕೇಳುವಂತೆ:

“ಮಗಳ ದನೀ ಕೇಳೂದ ಬ್ಯಾಡಾಗೇತೇನು ನಿಮಗ? ಮುಂದಿನ ವರ್ಷ ಏನೈತೋ ಯಾರಿಗ್ಗೊತ್ತು!”

ಆಮೇಲೆ ನಾನು ಅಳಲಿಲ್ಲ. ನಾಲ್ಕೂ ಜನ ಬಸ್ಸು ಹತ್ತಿದೆವು.

ಉಳವಿಯಲ್ಲಿ ಅಪ್ಪ ದಿನಾ ಮುಂಜಾನೆ ಮೆಟ್ಟಿಲ ಮೇಲೆ ತಲೆ ಒಂದು ಕಡೆ ವಾಲಿಸಿ ಕೂತ. ಅವ್ವ ಗುಡಿಗೆ ಹೋದವಳು ಬೇಗ ಬರುತ್ತಿರಲಿಲ್ಲ. ಬಸು ಮೂಗು ಎಳೆದೂ ಎಳೆದೂ ಸುಸ್ತಾದ. ಇನ್ನೂ ಒಂದು ದಿನ ನೋಡೋಣ ಎಂದು ಅಲ್ಲಿಯೇ ಹೆಚ್ಚು ಉಳಿದೆವು, ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕೂತೆವು. ಅತ್ತಿವೇರಿ ಮುಟ್ಟಿದಾಗ ಜುಜೆ ಕಾಕಾ ಅಂಗಳದಲ್ಲೇ ಅವ್ವನ ಮೋರೆ ನೋಡಿದ, ಕೋಳಿ ಹಿಡಿಯಲು ಹೋದವನು ನಾವು ತಿನ್ನುವುದಿಲ್ಲ ಎಂಬುದು ನೆನಪಾಗಿ ವಾಪಸು ಬಂದ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಪ್ಪ ನನ್ನನ್ನು ಕರೆದುಕೊಂಡು ದಂಡೆಗೆ ಹೋದ. ಮರಗಳ ಮೇಲೆ ಜಾಗವಿಲ್ಲದಷ್ಟು ಹಕ್ಕಿ, ಆ ಗದ್ದಲದಲ್ಲಿ ನನಗೆ ನನ್ನ ಮಾತೇ ಕೇಳುತ್ತಿರಲಿಲ್ಲ.

“ಇನ್‌ಸ್ಪೆಕ್ಟರ್ ಮುಂದ ಹೇಳೂದಿತ್ತಲ್ಲ, ಅದನ್ನ ನನ್ನ ಮುಂದ ಹೇಳು,” ಎಂದ.

ಸಣ್ಣಗೆ ಶುರು ಮಾಡಿದೆ. ಅಪ್ಪ ನಗುತ್ತಾ ಹತ್ತಿರಕ್ಕೆ ವಾಲಿದ. ಸ್ವಲ್ಪ ಏರಿಸಿದೆ. ಇನ್ನೂ ವಾಲಿದ. ಅವನ ಹುಬ್ಬುಗಳ ನಡುವೆ ಗೆರೆ ಮೂಡಿತು. ಕೊನೆಯ ಸಾಲುಗಳನ್ನು ನಾನು ಕ್ವಾರ್ಟರ್ಸಿನಲ್ಲಿ ಒದರುವುದಕ್ಕಿಂ‍ತ ಜೋರಾಗಿ, ಎದೆಯಲ್ಲಿ ಇದ್ದಬದ್ದ ಉಸಿರೆಲ್ಲ ಹಾಕಿ ಕಿರಿಚಿದೆ. ಹತ್ತಿರದ ಮರಗಳಿಂದ ಬೆಳ್ಳಕ್ಕಿಗಳ ಹಿಂಡು ಹಿಂಡೇ ಎದ್ದು ಹಾರಿತು. ಅಪ್ಪ ಬೆಚ್ಚಿ ಆ ಕಡೆ ತಿರುಗಿದ.

“ಸುಮ್ಮನ ಕೂತಿದ್ವು. ಯಾಕ ಎದ್ದುವು ಒಮ್ಮಿಗಲೇ?” ಎಂದ.

ಅವ್ವ ನಮ್ಮ ಹಿಂದೆಯೇ ಬಂದು ನಿಂತಿದ್ದಳು. ಅಪ್ಪ ಅವಳ ಕಡೆ ನೋಡಿದ. ಅವಳು ಕೈ ಎತ್ತಿ ಊಟಕ್ಕೆ ಬನ್ನಿ ಎಂದು ಸನ್ನೆ ಮಾಡಿದಳು. ಅಪ್ಪ ಆ ಕೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಾನೂ ಕೈಯಲ್ಲೇ ಬಂದೆ ಎಂದು ಹೇಳಿ ಎದ್ದ. ಅವ್ವ ಅಲ್ಲಿಯೇ ದಂಡೆಯ ಮೇಲೆ ಕುಸಿದು, ಯಾರಿಗೂ ಅಂಜದೆ, ಬಾಯಿ ಬಿಟ್ಟು ಅತ್ತಳು. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಬೆನ್ನು ಸವರುತ್ತಾ ಇದ್ದ. ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಹೊರಗೆ ನೋಡುತ್ತಾ, ಅವನು ಆಡಿದ್ದು ಒಂದೇ ಮಾತು:

“ಇನ್ನ ಮ್ಯಾಲೆ ಹುಡುಗರ ಸಾಲಿ ತಪ್ಪಸೂದು ಬ್ಯಾಡ.”

ಮರುವರ್ಷ ಶಟ್‌ಡೌನ್ ಬಂತು. ಅವ್ವ ನನ್ನ ಹೆರಳು ಹಾಕಿ, ಡಬ್ಬಿಗೆ ರೊಟ್ಟಿ ಪಲ್ಯ ಕಟ್ಟಿ ಶಾಲೆಗೆ ಕಳಿಸಿದಳು. ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ನಾಯ್ಕ ಮಾಸ್ತರು ನನ್ನನ್ನು ಕಂಡು ಕನ್ನಡಕ ಸರಿಮಾಡಿಕೊಂಡರು.

“ಅರೇ! ನೀ ಹೆಂಗ ಇಲ್ಲೆ? ಛಲೋ ಮಾಡಿದಿ. ಹಿಂಗ ಬರಬೇಕು ನೋಡು ಸಾಲಿಗೆ.”

ಇಡೀ ವಾರ ಹೋದೆ. ವಾರದ ಕೊನೆಗೆ ಒಂದು ಸಂಜೆ ಶಾಲೆ ಬಿಟ್ಟಾಗ ಅಪ್ಪ ಗೇಟಿನ ಹೊರಗೆ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅವನು ನನ್ನನ್ನು ಕರೆಯಲು ಬಂದದ್ದು ಅದೇ ಮೊದಲು. ನನ್ನ ಕೈ ಹಿಡಿದುಕೊಂಡ.

“ಇವತ್ತ ಏನ್ ಕಲಿಸಿದ್ರು? ಎಲ್ಲಾ ಹೇಳು ನನಗ.”

ಅತ್ತಿವೇರಿಯಿಂದ ಬಂದ ಮೇಲೆ ಕಿವಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಆದರೆ ಮಷಿನ್ ನಿಂತು ಅಷ್ಟು ದಿನವಾಗಿತ್ತು, ನನಗೆ ಆಸೆ. ಒದರದೆ, ಸಣ್ಣಗೆ, ಶುರು ಮಾಡಿದೆ. ಮಳೆ ಹೇಗಾಗುತ್ತದೆ ಎಂದು ಮಾಸ್ತರು ಹೇಳಿದ್ದನ್ನು ಹೇಳಿದೆ. ಅಪ್ಪ ಅರ್ಧ ಹೆಜ್ಜೆ ಮುಂದೆ, ನನ್ನ ಕಡೆ ಮುಖ ತಿರುಗಿಸಿ ನಡೆಯುತ್ತಿದ್ದ. ನಾನು ಎಲ್ಲಿ ನಿಲ್ಲಿಸಿದೆನೋ ಸರಿಯಾಗಿ ಅಲ್ಲಿ “ಹೌದಾ?” ಎಂದ. ಮುಂದಿನದನ್ನು ಹೇಳಿ ಮತ್ತೆ ನಿಲ್ಲಿಸಿದೆ. ಮತ್ತೆ “ಹೌದಾ?” ಎಂದ. ಬೇಗ ಅಲ್ಲ, ತಡವೂ ಅಲ್ಲ. ಅವನ ಕೈ ಬಿಡಿಸಿಕೊಂಡು ಓಡಿಹೋಗಿ ಅವ್ವನಿಗೆ ಹೇಳಿಬಿಡಬೇಕು ಅನ್ನಿಸಿತು. ನಮ್ಮ ಓಣಿಯ ತಿರುವು ಬಂದಾಗ ತಡೆಯಲಾರದೆ, ಅದೇ ಸಣ್ಣ ದನಿಯಲ್ಲಿ ಕೇಳಿದೆ:

“ಅಪ್ಪಾ, ನಿನ್ನ ಕಿವಿ ತೆರೆದಾವೇನು?”

“ಹೌದಾ? ಅದಕ್ಕ ಮಾಸ್ತರು ಏನಂದ್ರು?” ಎಂದ ಅಪ್ಪ, ನನ್ನ ಬಾಯಿಯನ್ನೇ ನೋಡುತ್ತಾ.